ಫೆಲೋಶಿಪ್ಪಿಗೆ ನಿಂತವಳು

ನನ್ನ ಕೆಲಸ ಏನು ಅಂತ ಒಂದೇ ಉಸಿರಿನಲ್ಲಿ ಹೇಳಲು ನನಗೇ ಬರುವುದಿಲ್ಲ. ಕೇಳಿದವರು ತಮಗೆ ತೋಚಿದ ಹಾಗೆ ಅರ್ಥ ಮಾಡಿಕೊಂಡು ಹೋಗುತ್ತಾರೆ. ಹಾಗಾಗಿ ಇಂಥ ಪ್ರಸಂಗಗಳಿಗೆ ನನ್ನ ಬಾಳಿನಲ್ಲಿ ಬರ ಅನ್ನುವುದೇ ಬಂದಿಲ್ಲ.

ನಮ್ಮದು ತ್ಯಾಮಗೊಂಡ್ಲು ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಮೂರು ಸೀಮೆಹಸು. ನಾನು ದಿನಾ ಬೆಂಗಳೂರಿಗೆ ಹೋಗಿ ಮಕ್ಕಳ ರಕ್ತದ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುತ್ತೇನೆ. ವಾಸಿಯಾದ ಮೇಲೂ ಕೆಲವು ಮಕ್ಕಳಿಗೆ ಅದು ಮತ್ತೆ ಯಾಕೆ ಬರುತ್ತದೆ ಅನ್ನುವುದನ್ನು ಹುಡುಕುವುದು ನನ್ನ ಕೆಲಸ. ಡಾಕ್ಟರೇಟ್ ಬಂದಿದೆ. ಆದರೆ ನಮ್ಮ ವಿದ್ಯೆಯಲ್ಲಿ ಡಾಕ್ಟರೇಟ್ ಆದ ಮೇಲೇ ನಿಜವಾದ ತರಬೇತಿ ಶುರುವಾಗುವುದು.

ಯಾವ ಗಾಡಿ?

ಒಂದು ಬೆಳಿಗ್ಗೆ ನೆಲಮಂಗಲದ ಬಸ್ಸಿನಲ್ಲಿ ನಮ್ಮ ಪಕ್ಕದ ಮನೆಯವರು ಸಿಕ್ಕಿದರು. ದಾಬಸ್‌ಪೇಟೆಯಲ್ಲಿ ಕಂಟೇನರ್ ಲಾರಿ ಓಡಿಸುತ್ತಾರೆ.

"ಓದು ಮುಗೀತಾ ಮಗಾ?"

"ಮುಗೀತು ಮಾವ. ಈಗ ಟ್ರೈನಿಂಗಿಗೆ ಅರ್ಜಿ ಹಾಕ್ಬೇಕು."

"ಓದಿದ್ದೇ ಟ್ರೈನಿಂಗ್ ಅಲ್ವಾ?"

"ಅದು ಬೇರೆ, ಇದು ಬೇರೆ. ಇದು ಎರಡು ವರ್ಷ."

ಅವರು ನನ್ನ ಕಡೆ ತಿರುಗಿ ಬಹಳ ಮರುಕದಿಂದ ಕೇಳಿದರು:

"ನಂಗೆ ಹದಿನಾರು ಚಕ್ರದ್ ಲಾರಿ ಕೊಡೋಕ್ಮುಂಚೆ ಒಂದು ತಿಂಗ್ಳು ಟ್ರೈನಿಂಗ್ ಕೊಟ್ರು ಕಣಮ್ಮಾ. ನಿಂಗೆ ಅದ್ಯಾವ್ ಗಾಡಿ ಕೊಡ್ತಾರೆ?"

ಹಬ್ಬದ ದಿನದ ಊಟ

ಪ್ರಯೋಗಕ್ಕೆಂದು ಲ್ಯಾಬಿನಲ್ಲಿ ಕ್ಯಾನ್ಸರ್ ಕೋಶಗಳನ್ನು ಬೆಳೆಸುತ್ತೇವೆ. ಅವಕ್ಕೆ ಭಾನುವಾರ, ಹಬ್ಬ ಯಾವುದೂ ಗೊತ್ತಿಲ್ಲ. ಹೊತ್ತಿಗೆ ಸರಿಯಾಗಿ ಆಹಾರ ಹಾಕಬೇಕು, ಇಲ್ಲದಿದ್ದರೆ ತಿಂಗಳುಗಟ್ಟಲೆ ಮಾಡಿದ ಕೆಲಸ ಮಣ್ಣುಪಾಲು.

ಒಂದು ಯುಗಾದಿಗೆ ಚಿಕ್ಕಮ್ಮ ಬಂದಿದ್ದರು. ನಾನು ಒಬ್ಬಟ್ಟಿನ ಎಲೆ ಬಿಟ್ಟು ಬ್ಯಾಗು ಹೆಗಲಿಗೇರಿಸಿದ್ದು ನೋಡಿ, "ಎಲ್ಲಿಗ್ಹೊರಟ್ಳು ಹಬ್ಬದ್ ದಿನ?" ಅಂದರು.

ಅಜ್ಜಿ ಹೆಮ್ಮೆಯಿಂದ, "ಅವ್ಳು ಸಾಕಿರೋವ್ಕೆ ಊಟ ಹಾಕ್ಬೇಕಂತೆ. ಕ್ಯಾನ್ಸರ್ ಸಾಕವ್ಳೆ" ಅಂದಳು.

ಚಿಕ್ಕಮ್ಮನ ಕೈಯಲ್ಲಿದ್ದ ತುಪ್ಪದ ಚಮಚ ಅಲ್ಲೇ ನಿಂತಿತು. "ಅದನ್ನ್ಯಾಕೆ ಸಾಕ್ತೀಯೆ?"

"ಹೆಂಗೆ ಸಾಯ್ತದೆ ಅಂತ ನೋಡೋಕೆ ಚಿಕ್ಕಮ್ಮ."

"ಅಯ್ಯೋ ಪೆದ್ದಿ! ಕೂತ್ಕೊಂಡು ಒಬ್ಬಟ್ಟು ತಿನ್ನು. ಊಟ ಹಾಕ್ದಿದ್ರೆ ತಾನಾಗೇ ಸಾಯ್ತದೆ. ಇದಕ್ಕೆ ಇಷ್ಟ್ ವರ್ಷ ಓದ್ಬೇಕಿತ್ತಾ?"

ಗುರುತು

ಈಗ ದೊಡ್ಡ ಕಥೆಗೆ ಬರುತ್ತೇನೆ. ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಹೊಸದಾಗಿ ಇಳಿದವರಿಗೆ ಒಂದು ಫೆಲೋಶಿಪ್ ಇದೆ. ಎರಡು ವರ್ಷ ದೊಡ್ಡ ಆಸ್ಪತ್ರೆಯಲ್ಲಿ, ಮಕ್ಕಳಿಗೆ ಚಿಕಿತ್ಸೆ ಕೊಡುವ ವೈದ್ಯರ ಪಕ್ಕದಲ್ಲೇ ನಿಂತು ಕಲಿಯಬಹುದು. ಕೋಶ ಬೆಳೆಸುವ ಗಾಜಿನ ತಟ್ಟೆ ಮಾತ್ರ ನೋಡಿದ ನನಗೆ ಅದೊಂದು ಸಿಕ್ಕರೆ ಸಾಕು ಅನ್ನುವಷ್ಟು ಆಸೆ. ಡಾಕ್ಟರೇಟ್ ಆಗಿ ಇಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು ಅಂತ ನಿಯಮವಿತ್ತು, ನನಗೆ ಅದೇ ಕಡೇ ಅವಕಾಶ.

ಅರ್ಜಿಯ ಜೊತೆ ಒಂದು ವಿಡಿಯೊ ಕಳಿಸಬೇಕಿತ್ತು. ನಿಮ್ಮೂರಿನ ಜನರ ಮುಂದೆ, ನಿಮ್ಮ ಭಾಷೆಯಲ್ಲಿ ನಿಮ್ಮ ಸಂಶೋಧನೆ ವಿವರಿಸಿ, ಅವರ ಪ್ರಶ್ನೆಗಳಿಗೆ ಉತ್ತರಿಸಬೇಕು. ಎಲ್ಲೂ ಕತ್ತರಿಸುವಂತಿಲ್ಲ.

ಮೊದಲು ಸಮುದಾಯ ಭವನದಲ್ಲಿ ಏರ್ಪಾಟು ಮಾಡಿದೆ. ಮೈಕ್ ಸೆಟ್ಟಿನವನೊಬ್ಬನೇ ಬಂದ, ಅವನೂ ನಿದ್ದೆ ಮಾಡಿದ. ಅಪ್ಪ ಹೇಳಿದರು, "ಜನ ಬೇಕು ಅಂದ್ರೆ ಸಾಯಂಕಾಲ ಡೈರಿ ಹತ್ರ ಹೋಗು. ಹಾಲು ಅಳೆಯೋವರ್ಗೂ ಯಾರೂ ಜಾಗ ಬಿಟ್ಟು ಕದಲಲ್ಲ."

ಸರಿ ಅಂತ ಅಭ್ಯಾಸಕ್ಕೆ ಹೋದೆ. ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರಿಗೆಲ್ಲ ಕೈಮುಗಿದೆ. ಬರಿಗೈಯಲ್ಲಿ ಯಾಕೆ ಅಂತ ಟೀ, ಬಿಸ್ಕತ್ತು ಹಂಚಿದೆ. ಎಲ್ಲರ ಮಕ್ಕಳ ಆರೋಗ್ಯ ವಿಚಾರಿಸಿದೆ. ಆಮೇಲೆ ರಕ್ತಕಣಗಳ ದೊಡ್ಡ ಚಿತ್ರ ಎತ್ತಿ ಹಿಡಿದು ಮಾತು ಶುರು ಮಾಡಿದೆ. ಇಷ್ಟು ಗಮನವಿಟ್ಟು ಕೇಳುವ ಜನರನ್ನು ನಾನು ಯಾವ ಸೆಮಿನಾರಿನಲ್ಲೂ ಕಂಡಿರಲಿಲ್ಲ. ಡೈರಿ ಎಲೆಕ್ಷನ್ ಹತ್ತಿರ ಬಂದಿದೆ ಅನ್ನುವುದು ನನ್ನ ತಲೆಯಲ್ಲೇ ಇರಲಿಲ್ಲ.

ಮುಗಿದ ಮೇಲೆ ಒಬ್ಬ ಅಜ್ಜ ಎರಡನೇ ಬಿಸ್ಕತ್ತು ತೆಗೆದುಕೊಂಡು, ನನ್ನ ರಕ್ತಕಣದ ಚಿತ್ರವನ್ನು ಹತ್ತಿರದಿಂದ ನೋಡಿ ತಲೆಯಾಡಿಸಿದ.

"ಎಲ್ಲಾ ಚೆನ್ನಾಗ್ ಹೇಳ್ದೆ ಕಣವ್ವಾ. ಆದ್ರೆ ಈ ಗುರುತು ನಮ್ಮಂಥೋರ್ಗೆ ಗೊತ್ತಾಗಕಿಲ್ಲ. ಆಟೋನೋ ತೆಂಗಿನಕಾಯೋ ಕೇಳ್ಬಾರ್ದಿತ್ತಾ?"

ಸಂಧಾನ

ನಮ್ಮ ಡೈರಿಯಲ್ಲಿ ಮಹಿಳೆಯರಿಗೆ ಮೀಸಲಾದ ಜಾಗದಲ್ಲಿ ಒಬ್ಬ ನಿರ್ದೇಶಕಿ ಇದ್ದಾರೆ. ಆಕೆ ಹಸು ನೋಡಿಕೊಳ್ಳುತ್ತಾರೆ, ಮೀಟಿಂಗಿಗೆ ಗಂಡ ಹೋಗುತ್ತಾರೆ. ಊರವರು ಡೈರೆಕ್ಟ್ರು ಅನ್ನುವುದೂ ಗಂಡನನ್ನೇ. ಮಾರನೇ ದಿನ ಈ ಡೈರೆಕ್ಟ್ರು ಬಾಳೆಹಣ್ಣು, ಮೈಸೂರುಪಾಕು ಹಿಡಿದು ಮನೆಗೆ ಬಂದರು.

"ನೋಡಮ್ಮಾ, ನೀನು ಓದಿರೋ ಹುಡ್ಗಿ. ನಿಂಗ್ಯಾಕೆ ಈ ಹಾಲು, ಹಿಂಡಿ, ಬೂಸಾ? ನಾಮಿನೇಷನ್ ವಾಪಸ್ ತಗೊಂಬಿಡು."

"ಅಣ್ಣಾ, ನಾನು ನಿಂತೇ ಇಲ್ಲ."

"ಎಲ್ರೂ ಹಂಗೇ ಹೇಳೋದು. ಹೋದ್ಸಲ ನಮ್ಮನೆಯೋಳೂ ಕಡೇ ದಿನದವರ್ಗೂ ನಿಂತಿಲ್ಲ ನಿಂತಿಲ್ಲ ಅಂತಾನೇ ಇದ್ಲು."

"ಸುಳ್ಳು ಹೇಳಿದ್ರಾ?"

"ಛೆ ಛೆ, ಅವ್ಳು ಸುಳ್ಳು ಹೇಳೋಳಲ್ಲ. ಸೈನ್ ಹಾಕ್ಸೋವರ್ಗೂ ನಾನೇ ಅವ್ಳಿಗೆ ಹೇಳಿರ್ಲಿಲ್ಲ."

ನಾನು ಕೂರಿಸಿಕೊಂಡು ಫೆಲೋಶಿಪ್ಪಿನ ಕಥೆಯನ್ನೆಲ್ಲ ಬಿಡಿಸಿ ಹೇಳಿದೆ. ಅವರು ಅರ್ಧ ನಂಬಿದರು.

"ಅದು ಸಿಕ್ಕಿದ್ರೆ ಎಲ್ಲಿರ್ತೀಯ?"

"ಎರಡು ವರ್ಷ ಬೆಂಗಳೂರಲ್ಲೇ, ಆಸ್ಪತ್ರೆ ಹತ್ರ."

"ಊರಲ್ಲಿರಲ್ಲ?"

"ಇರಲ್ಲ."

ಅವರ ಮುಖ ಊರಗಲ ಆಯಿತು. ಎದ್ದು ಪಂಚೆ ಎತ್ತಿ ಕಟ್ಟಿಕೊಂಡು, "ವಿಡಿಯೊ ಯಾವತ್ತು ಹೇಳು. ಜನ ಸೇರ್ಸೋದು ನನ್ ಜವಾಬ್ದಾರಿ" ಅಂದರು.

ಶಿಫಾರಸು

ನಿಜಕ್ಕೂ ಸೇರಿಸಿದರು. ಹಸು ಇಲ್ಲದವರೂ ಡೈರಿ ಮುಂದೆ ಬಂದು ನಿಂತಿದ್ದರು. ಅಪ್ಪ ಫೋನು ಹಿಡಿದು ವಿಡಿಯೊ ತೆಗೆದರು. ನಾನು ಮಾತು ಮುಗಿಸಿ, ಏನಾದರೂ ಕೇಳುವುದಿದ್ದರೆ ಕೇಳಿ ಅಂದೆ.

ಕ್ಯಾನು ಹಿಡಿದ ಒಬ್ಬ ಹೆಂಗಸು ಮೆಲ್ಲಗೆ, "ಮಕ್ಳಿಗೆ ಅದು ಬಂದ್ರೆ ಉಳೀತಾರಾ?" ಅಂದಳು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಬ್ಬ, "ಉಳೀದೇ ಏನಕ್ಕ! ನಮ್ಮಣ್ಣನ ಮಗ್ಳಿಗೆ ಬಂದಿತ್ತಲ್ಲ. ಎರಡು ಮೂರು ವರ್ಷ ಆಸ್ಪತ್ರೆಗೆ ಓಡಾಡಿದ್ರು. ಈಗ ಸ್ಕೂಲಲ್ಲಿ ಖೊಖೊ ಆಡ್ತಾಳೆ. ಒಂದು ಮಾತು ಕೇಳಲ್ಲ, ಬರೀ ಎದುರುತ್ತರ" ಅಂದ.

ಎಲ್ಲರೂ ನಕ್ಕರು. ಇಷ್ಟು ವರ್ಷ ನಾನು ಮಾಡಿದ ಕೆಲಸವೆಲ್ಲ ಯಾರೋ ಒಬ್ಬ ಹುಡುಗಿ ಹೀಗೆ ಎದುರುತ್ತರ ಕೊಡಲಿ ಅಂತಲೇ ಅಲ್ಲವೇ ಅನ್ನಿಸಿ ಬಹಳ ಸಂತೋಷವಾಯಿತು. ತುಂಬಾ ಮಕ್ಕಳು ಉಳಿಯುತ್ತಾರೆ, ಬಿಡದ ಜ್ವರ, ಸುಸ್ತು, ಮೈಮೇಲೆ ಕಾರಣವಿಲ್ಲದೆ ನೀಲಿ ಮಚ್ಚೆ ಕಂಡರೆ ತಡ ಮಾಡದೆ ದೊಡ್ಡಾಸ್ಪತ್ರೆಗೆ ಹೋಗಿ ಅಂತ ಹೇಳಿ ಮುಗಿಸಿದೆ.

ಅಷ್ಟರಲ್ಲಿ ಡೈರೆಕ್ಟ್ರು ಫೋನಿನ ಮುಂದೆ ಬಂದು ನಿಂತು ಎರಡೂ ಕೈ ಮುಗಿದರು.

"ಸ್ವಾಮೀ, ದೊಡ್ಡೋರು ಯಾರಿದ್ದೀರೋ ಗೊತ್ತಿಲ್ಲ. ಈ ಹುಡ್ಗಿ ಬಂಗಾರದಂಥೋಳು. ದಯವಿಟ್ಟು ಆ ಕೆಲ್ಸ ಕೊಟ್ಟು ಆದಷ್ಟು ಬೇಗ ಇಲ್ಲಿಂದ ಕರ್ಕೊಂಡ್ಹೋಗಿ. ಎರಡು ವರ್ಷ ಸಾಲ್ದೇ ಹೋದ್ರೆ ಐದು ವರ್ಷ ಇಟ್ಕೊಳ್ಳಿ, ನಮ್ದೇನೂ ಅಭ್ಯಂತರ ಇಲ್ಲ."

ಕತ್ತರಿಸುವಂತಿರಲಿಲ್ಲ. ಹಾಗೇ ಕಳಿಸಿದೆ. ಇದ್ದ ಒಂದು ಅವಕಾಶವೂ ಹೋಯಿತು ಅಂತ ಆ ವಾರವಿಡೀ ಊಟ ಸೇರಲಿಲ್ಲ.

ಆದರೆ ಸಂದರ್ಶನಕ್ಕೆ ಕರೆ ಬಂತು. ಹೋದೆ. ಪ್ರಯೋಗದ ಬಗ್ಗೆ ಗಟ್ಟಿ ಗಟ್ಟಿ ಪ್ರಶ್ನೆಗಳನ್ನೇ ಕೇಳಿದರು. ಎಲ್ಲಾ ಆದ ಮೇಲೆ ಹಿರಿಯ ಡಾಕ್ಟರಮ್ಮ ಕನ್ನಡಕ ತೆಗೆದು, "ಕೊನೆಯಲ್ಲಿ ಮಾತಾಡಿದವರು ಯಾರಮ್ಮಾ? ಶಿಫಾರಸು ಪತ್ರ ತುಂಬಾ ಓದಿದ್ದೀನಿ. ಇಷ್ಟು ಮನಸಾರೆ ಕೇಳ್ಕೊಂಡವರನ್ನ ನೋಡಿರಲಿಲ್ಲ" ಅಂದರು. ಇದ್ದವರೆಲ್ಲ ನಕ್ಕರು. ಕೆಲವು ದಿನದ ಮೇಲೆ, ಆಯ್ಕೆಯಾಗಿದ್ದೀರಿ ಅಂತ ಮೇಲ್ ಬಂತು. ಅಪ್ಪ ಹಸುಗಳಿಗೂ ಬೆಲ್ಲ ತಿನ್ನಿಸಿದರು.

ನಮಗಿಂತ ಹೆಚ್ಚು ಸಂಭ್ರಮ ಡೈರೆಕ್ಟ್ರದು. ಡೈರಿ ಮುಂದೆ ಪಟಾಕಿ ಸರ ಹಚ್ಚಿಸಿದರು. ಎದುರು ನಿಲ್ಲುವವರು ಇನ್ಯಾರೂ ಇಲ್ಲ ಅನ್ನುವ ಖುಷಿಗೆ ದೊಡ್ಡ ಫ್ಲೆಕ್ಸ್ ಕಟ್ಟಿಸಿದರು. ಮಧ್ಯದಲ್ಲಿ ಕೈಮುಗಿದ ಅವರ ಹೆಂಡತಿ, ಪಕ್ಕದಲ್ಲಿ ಆಕೆಗಿಂತ ದೊಡ್ಡದಾಗಿ ಅವರು, ಮೇಲೆ 'ಹಾರ್ದಿಕ ಅಭಿನಂದನೆಗಳು'. ಕೆಳಗೆ ಮೂಲೆಯಲ್ಲಿ, ಅಂಚೆ ಚೀಟಿಯಷ್ಟು ಅಗಲಕ್ಕೆ ನಾನು.

ಆ ಸಂಜೆ ಅಮ್ಮ ಹಾಲು ಹಾಕಲು ಹೋದಾಗ ಸಾಲಿನಲ್ಲಿದ್ದ ಹೆಂಗಸರೆಲ್ಲ ಸುತ್ತುವರಿದು ಕೈಹಿಡಿದುಕೊಂಡರಂತೆ.

"ಬೇಜಾರ್ ಮಾಡ್ಕೋಬೇಡ ಕಣಕ್ಕಾ. ಮಗಳು ಸೋತ್ರೇನಂತೆ, ಇನ್ನೂ ಚಿಕ್ಕೋಳು. ಆ ಕ್ಯಾನ್ಸರ್ ವಿಷ್ಯ ಎಷ್ಟ್ ಚೆನ್ನಾಗ್ ಮಾತಾಡಿದ್ಲು! ಮುಂದಿನ್ಸಲ ನಿಲ್ಸು, ನಮ್ಮನೆ ಓಟೆಲ್ಲಾ ಅವ್ಳಿಗೇ."