ಶಾಮಣ್ಣನವರ ಗುಳಿಗೆ ಒಲೆ

ಗೊಟ್ಟಿಗೆರೆಯ ಹೊಸ ಮನೆಯ ಗೃಹಪ್ರವೇಶಕ್ಕೆ ಹಾಲು ಉಕ್ಕಿಸುವುದು ಯಾವ ಒಲೆಯ ಮೇಲೆ ಎಂಬುದೇ ಶಾಮಣ್ಣನವರಿಗೂ ಅವರ ಹೆಂಡತಿ ವಾರಿಜಮ್ಮನಿಗೂ ತಿಂಗಳಿಂದ ನಡೆದಿದ್ದ ಜಗಳ. ವಾರಿಜಮ್ಮನದು ಗ್ಯಾಸ್ ಪಕ್ಷ. ಶಾಮಣ್ಣನವರದು ಗುಳಿಗೆ ಒಲೆಯ ಪಕ್ಷ, ಆ ಪಕ್ಷದಲ್ಲಿ ಅವರೊಬ್ಬರೇ ಇದ್ದರು.

ಆ ಒಲೆಯನ್ನು ಅವರು ಜಯನಗರದ ವಸ್ತುಪ್ರದರ್ಶನವೊಂದರಲ್ಲಿ ಕಂಡು, ನಿಂತ ಜಾಗದಲ್ಲೇ ಮರುಳಾಗಿ ತಂದಿದ್ದರು. ಮೇಲೊಂದು ಡಬ್ಬ. ಅದರ ತುಂಬ ಕಡಲೆಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆ ಪುಡಿಮಾಡಿ ಒತ್ತಿದ ಸಣ್ಣ ಗುಳಿಗೆಗಳು. ಸ್ವಿಚ್ ಹಾಕಿದರೆ ತಳದ ಸ್ಕ್ರೂ ತಿರುಗಿ ಗುಳಿಗೆಗಳನ್ನು ಒಂದೊಂದಾಗಿ ಬೆಂಕಿಗೆ ನೂಕುತ್ತದೆ, ಫ್ಯಾನು ಗಾಳಿ ಊದುತ್ತದೆ, ಹೊಗೆಯೇ ಇಲ್ಲದೆ ಉರಿ ಏಳುತ್ತದೆ. ತನ್ನ ಊಟ ತಾನೇ ಬಡಿಸಿಕೊಳ್ಳುವ ಈ ಬೆಂಕಿಯನ್ನು ಕಂಡಾಗಲೆಲ್ಲ ಶಾಮಣ್ಣನವರ ಮೈ ಜುಮ್ಮೆನ್ನುತ್ತಿತ್ತು. ಇಡೀ ಆಯುಷ್ಯ ಸರ್ಕಾರಿ ಕಚೇರಿಯಲ್ಲಿ ಕಳೆದವರಿಗೆ, ಯಾರೂ ಬೆನ್ನು ಹತ್ತದೆ ನಡೆಯುವ ಕೆಲಸ ಪವಾಡವಾಗಿ ಕಾಣುವುದು ಸಹಜ.

"ಆಯ್ತು ರೀ, ಅದರ ಮೇಲೇ ಉಕ್ಸಿ," ಎಂದು ವಾರಿಜಮ್ಮ ಕೊನೆಗೆ ಇಳಿದು ಬಂದಿದ್ದರು. "ಮುಹೂರ್ತದೊಳಗೆ ಹಾಲು ಉಕ್ಕಿದ್ರೆ ನೀವು ಗೆದ್ರಿ. ಉಕ್ಕದಿದ್ರೆ ಸಂಜೆಗೆ ಅದು ಗುಜರಿಗೆ."

ಗೃಹಪ್ರವೇಶದ ದಿನ ಎಲ್ಲವೂ ಸಾಂಗವಾಗಿಯೇ ಶುರುವಾಯಿತು. ಶಾಮಣ್ಣನವರು ಡಬ್ಬವನ್ನು ಕಂಠಮಟ್ಟ ತುಂಬಿದರು. ಊರೊಳಗಿನ ಮರೆಪ್ಪ ತನ್ನ ಹಸು ಕರು ಹೊಡೆದುಕೊಂಡು ಬಂದ. ಗೋಮಾತೆ ಮುಂಬಾಗಿಲಿನಿಂದ ಒಳಗೆ ಬಂದು, ಕೋಣೆಕೋಣೆ ಸುತ್ತಿ, ಹಿತ್ತಲಿಗೆ ಹೋಗಿ ನಿಂತಿತು. ಪುರೋಹಿತರು ಅಡುಗೆಮನೆಗೆ ಬಂದು, ತೆರೆದಿದ್ದ ಡಬ್ಬದ ಮುಚ್ಚಳ ಹಾಕಿ, ಚಪ್ಪಟೆಯಾಗಿ ಚೆನ್ನಾಗಿದೆಯೆಂದು ಅದರ ಮೇಲೆ ವೀಳ್ಯದೆಲೆ ಹಾಸಿ ಅರಿಶಿನದ ಗಣಪನನ್ನು ಕೂರಿಸಿಬಿಟ್ಟರು.

ಕರ್ಪೂರ ಹಚ್ಚಿದ್ದಾಯಿತು. ತಳದಲ್ಲಿದ್ದ ನಾಲ್ಕು ಗುಳಿಗೆ ಹೊತ್ತಿಕೊಂಡು ಸೊಗಸಾಗಿ ಉರಿದವು. ನೆಂಟರೆಲ್ಲ ಕತ್ತು ನೀಕಿ ನೋಡಿ ತಲೆದೂಗಿದರು. ಆಮೇಲೆ ಉರಿ ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು. ಹಾಲು ಉಗುರುಬೆಚ್ಚಗಾಗಿ ಅಲ್ಲೇ ಕೂತಿತು.

"ಅಂಕಲ್, ಕರೆಂಟ್ ಇದ್ಯಾ?" ಎಂದು ಪಕ್ಕದ ಮನೆಯ ಇಂಜಿನಿಯರ್ ಶ್ರೀಕರ್ ತೋಳು ಮಡಿಸಿಕೊಂಡು ಮುಂದೆ ಬಂದ.

"ಮೋಟ್ರು ಗುಂಯ್ ಅಂತಿದೆಯಲ್ಲಪ್ಪ."

"ಹಾಗಾದ್ರೆ ವೋಲ್ಟೇಜ್ ಡೌನು. ಸೀರಿಯಲ್ ಸೆಟ್ ಆಫ್ ಮಾಡಿ."

ಬಾಗಿಲ ದೀಪದ ಸರ ಆರಿತು. ನಾದಸ್ವರದ ಕ್ಯಾಸೆಟ್ಟು ನಿಂತಿತು. ಹಾಲು ಕದಲಲಿಲ್ಲ. ಶ್ರೀಕರ್ ಬೂದಿ ತಟ್ಟೆ ಎಳೆಯಲು ಹೋದ. ಅದು ಬರದೆ ಬರದೆ ಒಮ್ಮೆಲೇ ಬಂತು, ಬೂದಿಯೆಲ್ಲ ಶಾಮಣ್ಣನವರ ರೇಷ್ಮೆ ಪಂಚೆ, ಶಲ್ಯ, ಮೀಸೆಯ ಮೇಲೆ ಕೂತಿತು. ಸ್ಕ್ರೂ ಜಾಮ್ ಆಗಿರಬೇಕೆಂದು ಸೌಟಿನಿಂದ ಬಡಿದರು. ಗಣಪ ಎಡಕ್ಕೆ ವಾಲಿದ.

"ಶಾಮಣ್ಣೋರೇ, ನಿಧಾನ," ಎಂದು ಪುರೋಹಿತರು ಗದರಿದರು. "ಇನ್ನೇನು ರಾಹುಕಾಲ ಬಂದ್ಬಿಡತ್ತೆ."

"ಮುಚ್ಚಳ ತೆಗೆದು ನೋಡೋಣ್ವಾ?" ಎಂದ ಶ್ರೀಕರ್.

"ಒಳಗೇನು ನೋಡೋದು, ನಾನೇ ತುಂಬಿದೀನಿ," ಎಂದರು ಶಾಮಣ್ಣ.

ವಾರಿಜಮ್ಮ ಗೋಡೆ ಗಡಿಯಾರ ನೋಡಿದರು. ಶಾಮಣ್ಣನವರ ಕಣ್ಣ ಮುಂದೆ ಒಲೆ ಆಗಲೇ ಗುಜರಿಯವನ ತಕ್ಕಡಿ ಏರಿತ್ತು.

ಕಡೆಗೆ ಪುರೋಹಿತರು ಮಂತ್ರ ಹೇಳಿ, ಅಕ್ಷತೆ ಹಾಕಿ, ಗಣಪನನ್ನು ಎಲೆಸಮೇತ ಎತ್ತಿ ಶೆಲ್ಫಿನ ಮೇಲಿಟ್ಟರು. ಶಾಮಣ್ಣ ಮುಚ್ಚಳ ತೆಗೆದರು. ಡಬ್ಬ ತೊಳೆದಿಟ್ಟಷ್ಟು ಖಾಲಿ, ಅಂಚೆಲ್ಲ ಜೊಲ್ಲು. ಎಲ್ಲರೂ ಹಿತ್ತಲ ಕಡೆ ತಿರುಗಿದರು. ಗೋಮಾತೆ ಮೂತಿಗೆ ಗುಳಿಗೆಯ ಪುಡಿ ಮೆತ್ತಿಕೊಂಡು, ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು.

ಮರೆಪ್ಪ ಗಾಬರಿಯಾದ. "ಏನ್ ಸಾಮಿ, ನನ್ನ ಹಸೀಗೆ ಸೌದೆ ತಿನ್ಸಿದ್ರಾ?"

"ಸೌದೆ ಅಲ್ಲಪ್ಪ, ಬರೀ ಕಡ್ಲೇಕಾಯಿ ಸಿಪ್ಪೆ, ಕಬ್ಬಿನ ಸಿಪ್ಪೆ," ಎಂದರು ಶಾಮಣ್ಣ. ಉಳಿದ ಗುಳಿಗೆಯ ಮೂಟೆ ಜಯನಗರದ ಹಳೇ ಮನೆಯಲ್ಲೇ ಇತ್ತು. ಅಷ್ಟರಲ್ಲಿ ಅವರ ಕಣ್ಣು ಮರೆಪ್ಪನ ಬಕೆಟ್ಟಿನ ಮೇಲೆ ಬಿತ್ತು. ಹಸುವನ್ನು ಪುಸಲಾಯಿಸಿ ವಾಪಸ್ ಕರೆದೊಯ್ಯಲು ಅವನು ಹಿಂಡಿಯ ಫೀಡು ತಂದಿದ್ದ. ಅದೂ ಗುಳಿಗೆಯೇ, ಅದೇ ಬಣ್ಣ, ಅದೇ ಗಾತ್ರ.

"ಸ್ವಾಮೀ, ಇದನ್ನ ಉರಿಸಬಹುದಾ?"

ಪುರೋಹಿತರು ಒಂದು ಗುಳಿಗೆ ಎತ್ತಿ ಮೂಸಿದರು. "ಗೋಮಾತೆ ತಿನ್ನೋ ಪದಾರ್ಥ ಅಗ್ನಿಗೆ ಹೋದ್ರೆ ದೋಷ ಏನಿದೆ? ಸುರೀರಿ."

ಸುರಿದರು. ಸ್ಕ್ರೂ ಗರಗರ ಎಂದಿತು. ಬೆಂಕಿ ಒಂದು ಗುಳಿಗೆ ನುಂಗಿತು, ಮತ್ತೊಂದು ನುಂಗಿತು, ಭುಗಿಲೆಂದು ಎದ್ದಿತು. ಹುರಿದ ಹಿಂಡಿಯ ಘಮ ಮನೆ ತುಂಬಿತು. ರಾಹುಕಾಲಕ್ಕೆ ಕೂದಲೆಳೆಯಷ್ಟು ಹೊತ್ತಿರುವಾಗ ಹಾಲು ಏರಿ, ಪಾತ್ರೆಯ ಕಂಠ ದಾಟಿ, ಸರಿಯಾಗಿ ಪೂರ್ವ ದಿಕ್ಕಿಗೆ ಉಕ್ಕಿ ಹರಿಯಿತು. ನೆಂಟರು ಒಬ್ಬೊಬ್ಬರಾಗಿ ಕೈಮುಗಿದರು. ತಾಂತ್ರಿಕ ಕಾರಣ ಹುಡುಕುತ್ತಿದ್ದ ಶ್ರೀಕರ್ ಕೂಡ ಕೆನ್ನೆ ತಟ್ಟಿಕೊಂಡ.

ವಾರಿಜಮ್ಮನ ಕಣ್ಣಲ್ಲಿ ನೀರಾಡಿತು. ಒಲೆಗೆ ಅರಿಶಿನ ಕುಂಕುಮವಿಟ್ಟು, ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿದರು. "ಇಂಥಾದ್ದನ್ನ ಗುಜರಿಗೆ ಹಾಕ್ತೀನಿ ಅಂದ್ನಲ್ಲ ರೀ."

ಇಷ್ಟು ವರ್ಷದ ಸಂಸಾರದಲ್ಲಿ ಇದು ಶಾಮಣ್ಣನವರ ಮೊದಲ ಗೆಲುವು. "ಹೋಗ್ಲಿ ಬಿಡು ವಾರಿಜಾ. ನಾಳೆಯಿಂದ ಅಡುಗೆಯೆಲ್ಲ ಇದರ ಮೇಲೇ. ಮೊದ್ಲು ಒಂದು ಈರುಳ್ಳಿ ಸಾಂಬಾರ್ ಮಾಡು."

ಪುರೋಹಿತರು ಕಿವಿ ಮುಚ್ಚಿಕೊಂಡರು.

"ಇದರ ಮೇಲಾ? ಈರುಳ್ಳೀನಾ?" ವಾರಿಜಮ್ಮ ಕೇಳಿದರು. "ಗಣಪತಿ ಕೂತ ಜಾಗ ಇದು. ಗೋಮಾತೆ ತಾನಾಗೇ ಬಂದು ನೈವೇದ್ಯ ತಗೊಂಡಿದಾಳೆ. ಇನ್ನು ಇದು ಒಲೆ ಅಲ್ಲ ರೀ."

ನಾಲ್ಕು ಜನ ಹೆಗಲು ಕೊಟ್ಟು ಅದನ್ನು ದೇವರಮನೆಗೆ ಸಾಗಿಸಿ, ಮಣೆಯ ಮೇಲೆ ಸ್ಥಾಪಿಸಿ, ಸೇವಂತಿಗೆ ಹಾರ ಹಾಕಿದರು. ನೆಂಟರು ಸಾಲುಗಟ್ಟಿ ನಿಂತರು. ವಾರಿಜಮ್ಮ ಕಣ್ಣೊರೆಸಿಕೊಳ್ಳುತ್ತಲೇ, "ಶ್ರೀಕರ್, ಗ್ಯಾಸ್ ಏಜೆನ್ಸಿ ನಂಬರ್ ಸ್ವಲ್ಪ ಕೊಡಪ್ಪ," ಎಂದರು.

ಶಾಮಣ್ಣನವರು ಜನರನ್ನು ಸರಿಸಿಕೊಂಡು ಮುಂದೆ ಹೋಗಿ, ತಮ್ಮ ಒಲೆಯ ಸ್ವಿಚ್ಚಿನ ಕಡೆ ಕೈ ಚಾಚಿದರು.

"ರೀ, ಮೈಯೆಲ್ಲ ಬೂದಿ," ಎಂದು ವಾರಿಜಮ್ಮ ಅವರ ಕೈ ಹಿಡಿದರು. "ಸ್ನಾನ ಮಾಡಿ, ಮಡಿ ಉಟ್ಟು ಬಂದು ಮುಟ್ಟಿ."