ಅಣ್ಣಾಸಾಹೇಬರಿಗೆ ನಾನು ಬರೆದುಕೊಟ್ಟ ಇಂಗ್ಲಿಷ್ ಪತ್ರ

ಚಿಕ್ಕೋಡಿಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಐವತ್ತು ದಾಟಿದ ಮೇಲೆ ಇಂಗ್ಲಿಷ್ ಗಟ್ಟಿ ಮಾಡಿಕೊಳ್ಳುವ ಹುಕಿ ಬಂತು. ಶಬ್ದಾರ್ಥದ ಪುಟ್ಟ ಪುಸ್ತಕವೊಂದನ್ನು ಕೊಂಡು ದಿನಕ್ಕೆ ಹತ್ತು ಶಬ್ದ ಬಾಯಿಪಾಠ ಮಾಡತೊಡಗಿದೆ. ಒಂದು ಶಬ್ದಕ್ಕೆ ಒಂದೇ ಅರ್ಥ, ಗೊಂದಲವೇ ಇಲ್ಲ.

"ಶಬ್ದ ಕಲ್ತ್ರ ಸಾಲೂದಿಲ್ರಿ, ಎಲ್ಲಿ ಇಡಬೇಕಂತ ಗೊತ್ತಿರಬೇಕು," ಎಂದಳು ಹೆಂಡತಿ ಹಸೀನಾ. ಆಕೆ ಕಲಿತದ್ದು ಏಳನೆಯ ಇಯತ್ತೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಅಕ್ಕೋಳದ ಗೆಳೆಯ ಅಣ್ಣಾಸಾಹೇಬರು ಬಂದರು. ಕಬ್ಬು ಬೆಳೆಯುವವರು, ಮಾತು ಕಡಿಮೆ. ಮಗಳು ಸುಜಾತಾಗೆ ಕೊಲ್ಹಾಪುರದ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅಲ್ಲಿ ಕೋಣೆ ಬಾಡಿಗೆಗೆ ಕೊಡುವ ಅಜ್ಜಿ ನಿವೃತ್ತ ಇಂಗ್ಲಿಷ್ ಪ್ರಾಧ್ಯಾಪಕಿ. ಮನೆತನ ಎಂಥದ್ದೆಂದು ಬಲ್ಲವರಿಂದ ಅವರಿಗೊಂದು ಇಂಗ್ಲಿಷ್ ಪತ್ರ ಬೇಕಂತೆ. ನನಗೂ ಅದೇ ಬೇಕಾಗಿತ್ತು.

ಇವರು ಹೆಸರಾದ ಮನುಷ್ಯ ಎನ್ನಲು 'ನಟೋರಿಯಸ್' ಎಂದು ಬರೆದೆ. ನಾನು ಇವರ ಇಪ್ಪತ್ತು ವರ್ಷದ ಜೊತೆಗಾರ ಎನ್ನಲು 'ಅಕಾಂಪ್ಲಿಸ್' ಎಂದೆ. ಹುಡುಗಿಯನ್ನು ದಯವಿಟ್ಟು ಇರಿಸಿಕೊಳ್ಳಿ ಎನ್ನಲು 'ಡಿಟೇನ್' ಎಂದೆ. ಅಂಗಡಿಯ ಶಿಕ್ಕಾ ಒತ್ತಿ ಕಳಿಸಿದೆ.

ಮೂರನೇ ದಿನ ಅಣ್ಣಾಸಾಹೇಬರ ಫೋನು ಬಂತು. ಒಬ್ಬ ಕುಖ್ಯಾತನ ಅಪರಾಧಗಳಲ್ಲಿ ಇಪ್ಪತ್ತು ವರ್ಷ ಪಾಲುದಾರನಾದವನು, ಅವನ ಮಗಳನ್ನು ಬಂಧನದಲ್ಲಿಡಲು ಕೋರಿ ಪತ್ರ ಬರೆದಿದ್ದಾನೆ, ಪೊಲೀಸರಿಗೆ ತಿಳಿಸಲೇ ಎಂದು ಅಜ್ಜಿ ಸುಜಾತಾಗೆ ಫೋನು ಮಾಡಿ ಕೇಳಿದ್ದರಂತೆ.

"ನಮ್ಮ ಮನಿತನದಾಗ ಯಾರೂ ಠಾಣೆ ಮೆಟ್ಲ ಹತ್ತಿಲ್ಲೋ ಇಸ್ಮಾಯಿಲ್," ಎಂದು ಫೋನು ಇಟ್ಟುಬಿಟ್ಟರು.

ತಪ್ಪು ನನ್ನದು, ತಿದ್ದುವವನೂ ನಾನೇ ಎಂದು ಅಪ್ಪ-ಮಗಳಿಬ್ಬರನ್ನೂ ಕರೆದುಕೊಂಡು ಮರುದಿನವೇ ಕೊಲ್ಹಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಪುಸ್ತಕ ತಿರುವಿದೆ. ದೃಢ ನಂಬಿಕೆಗೆ 'ಕನ್ವಿಕ್ಷನ್' ಎಂದಿತ್ತು. ನಾವು ನಂಬಿಕೆಯ ಮಂದಿ ಎಂದರೆ ಸಾಕಲ್ಲ! ಅಜ್ಜಿಯೆದುರು ಕೈಮುಗಿದು ನಿಂತು, "ವಿ ಬೋತ್ ಹ್ಯಾವ್ ಮೆನಿ ಕನ್ವಿಕ್ಷನ್ಸ್, ಮೇಡಂ," ಎಂದೆ.

ಅಜ್ಜಿ ಕನ್ನಡಕ ತೆಗೆದು ಅಣ್ಣಾಸಾಹೇಬರನ್ನು ನೋಡಿದರು, ಬಾಗಿಲನ್ನೂ ನೋಡಿದರು. ಸುಜಾತಾ ನನ್ನ ಕಿವಿಯಲ್ಲಿ, "ಕಾಕಾ, ಕೋರ್ಟಿನಾಗ ಶಿಕ್ಷಾ ಆಗೂದಕ್ಕೂ ಅದನ್ನ ಅಂತಾರ," ಎಂದಳು.

ಆಮೇಲೆ ಅವಳೇ ಮುಂದೆ ಬಂದು ಸ್ವಚ್ಛ ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದಳು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಗು ನಿಂತ ಮೇಲೆ ನನ್ನತ್ತ ಬೆರಳು ತೋರಿಸಿ, ನಿನಗೆ ಇಂಗ್ಲಿಷ್ ಕಲಿಸಿದವರು ಇವರೇನಾ ಎಂದು ಗಂಭೀರವಾಗಿ ವಿಚಾರಿಸಿದರು. ಒಂದಕ್ಷರವನ್ನೂ ಕಲಿಸಿಲ್ಲವೆಂದು ಸುಜಾತಾ ಆಣೆ ಮಾಡಿದಳು.

ಕೋಣೆಯ ಕೀಲಿಕೈ ಅವಳ ಕೈಗೆ ಬಂತು. ಆ ಹುಡುಗಿಯ ಓದಿಗೆ ನನ್ನಿಂದಾದ ಉಪಕಾರ ಅದೊಂದೇ: ನಾನು ಅವಳಿಗೆ ಏನೂ ಕಲಿಸಿರಲಿಲ್ಲ.