ಟಿಕಿ ಹೋಟೆಲು ಮತ್ತು ನನ್ನ ಹೊಸ ಚಪ್ಪಲಿ

ಪುಕ್ಕಟೆ ಸಲಹೆ ಕೊಡುವ ಚಟ ನನಗಿದೆ. ಮೇಷ್ಟರಾದ ಮೇಲೆ ಅದು ಹತ್ತಿತೋ, ಆ ಚಟದಿಂದಲೇ ಮೇಷ್ಟರಾದೆನೋ ಹೇಳಲಾರೆ. ಮಧುಗಿರಿಯ ನಮ್ಮ ಮನೆಯಲ್ಲಿ ಅದಕ್ಕೆ ಗಿರಾಕಿಗಳಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಅಡುಗೆಮನೆ ಸೇರಿಬಿಡುತ್ತಾಳೆ. ಹೀಗಾಗಿ ಅರವತ್ತರ ದಶಕದಲ್ಲಿ ನನ್ನ ಸಲಹೆಯೆಲ್ಲ ಸ್ನೇಹಿತರಾದ ಶಿರಾದ ರಹಮಾನ್ ಸಾಬರ ಪಾಲಾಯಿತು. ಹೆದ್ದಾರಿಯ ಪಕ್ಕ ತೆಂಗಿನ ಸೋಗೆ ಹೊದಿಸಿದ ಅವರದೊಂದು ಟೀ ಅಂಗಡಿ. ಎದುರಿಗೆ ರೇಡಿಯೋ ಇಟ್ಟ ಹೊಸ ಹೋಟೆಲು ಬಂದು, ಲಾರಿಗಳೆಲ್ಲ ಆ ಕಡೆಗೇ ನಿಲ್ಲತೊಡಗಿದ್ದವು. ಅಂಗಡಿ ಮುಚ್ಚಿದರೆ ಸಾಬರಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಆಗ ತೋವಿನಕೆರೆಗೆ ಕೋಳಿ ಸಾಕಣೆ ಹೇಳಿಕೊಡಲು ಬಂದಿದ್ದ ಅಮೆರಿಕದವನೊಬ್ಬ ಪತ್ರಿಕೆಯಲ್ಲಿ ತನ್ನೂರಿನ ಹೋಟೆಲಿನ ಚಿತ್ರ ತೋರಿಸಿದ. ಗರಿಯ ಸೂರು, ತೆಂಗಿನ ಚಿಪ್ಪಿನಲ್ಲಿ ಪಾನೀಯ, ಬಾಗಿಲಲ್ಲಿ ಹಲ್ಲು ಕಿರಿದು ನಿಂತ ಮರದ ದೇವರು. ಯಾವುದೋ ದೂರದ ದ್ವೀಪದವರ ರೀತಿಯಂತೆ, ಹೆಸರು ಟಿಕಿ. ಅಲ್ಲಿ ಜನ ಸಾಲುಗಟ್ಟಿ ನಿಲ್ಲುತ್ತಾರಂತೆ. ಸಮುದ್ರವೆಲ್ಲ ಒಂದೇ ತಾನೆ, ನಮ್ಮ ಕರಾವಳಿಯಲ್ಲೂ ಅಂಥದ್ದು ಇದ್ದೇ ಇರುತ್ತದೆ, ನೋಡಿ ಬಂದು ಶಿರಾದಲ್ಲಿ ಶುರು ಮಾಡೋಣ ಎಂದು ಸಾಬರನ್ನು ಹೊರಡಿಸಿದೆ. ಅವರ ಭಾವಮೈದುನನ ಹಳೆಯ ಕಾರು ಸಿಕ್ಕಿತು. ಪ್ರಯಾಣಕ್ಕೆಂದು ನಾನು ಹೊಸ ಚಪ್ಪಲಿ ಹೊಲಿಸಿಕೊಂಡೆ.

ಮಂಗಳೂರಿನಿಂದ ಕಾರವಾರದ ದಿಕ್ಕಿಗೆ ನಾಲ್ಕು ದಿನ ಸಮುದ್ರದ ಪಕ್ಕದಲ್ಲೇ ಹೋದೆವು. ಹೊಳೆ ಬಂದಲ್ಲೆಲ್ಲ ಕಾರನ್ನು ದೋಣಿಗೆ ಹತ್ತಿಸಿದೆವು. ಟಿಕಿ ಎಲ್ಲೂ ಇರಲಿಲ್ಲ. ಎಲ್ಲ ಹೋಟೆಲಿಗೂ ಹೆಂಚು, ಎಲ್ಲ ಕಾಫಿಗೂ ಲೋಟ. ಈಚೆಗಷ್ಟೇ ಗರಿ ಕಿತ್ತು ಹೆಂಚು ಹೊದಿಸಿದ್ದ ಹೋಟೆಲಿನವರೊಬ್ಬರು, ಗರಿಯ ಸೂರು ನೋಡಲು ಇಷ್ಟು ದೂರ ಬಂದವರನ್ನು ಕಂಡು ಮರುಕಪಟ್ಟರು. ಕಡೆಗೆ ದೋಣಿ ಕಟ್ಟುವ ಮುದುಕರೊಬ್ಬರು ಪತ್ರಿಕೆಯ ಚಿತ್ರ ನೋಡಿ ನಕ್ಕು, ತಾವು ಬಿಡುವಿನಲ್ಲಿ ಕೆತ್ತಿದ್ದ ಗುಡ್ಡೆಗಣ್ಣಿನ ಮರದ ಮುಖವೊಂದನ್ನು ಕೊಟ್ಟರು. ಅದನ್ನು ಕಾರಿನ ನೆತ್ತಿಗೆ ಕಟ್ಟಿಕೊಂಡು ಬಂದು ಸಾಬರ ಬಾಗಿಲಲ್ಲಿ ನೆಟ್ಟೆವು.

ಜನ ಬಂದರು. ಮೊದಲ ದಿನ ನೋಡಿದರು, ಎರಡನೆಯ ದಿನ ಯಾರೋ ಅರಿಶಿನ ಹಚ್ಚಿದರು, ವಾರದೊಳಗೆ ಅದಕ್ಕೆ ಬೆಳ್ಳಿಯ ಕಣ್ಣೂ ಅಮ್ಮ ಎಂಬ ಹೆಸರೂ ಬಂದವು. ಅಮ್ಮನ ಮುಂದೆ ಬೀಡಿ ಸೇದಬಾರದು, ಆಮ್ಲೆಟ್ ತಿನ್ನಬಾರದು ಎಂದು ಅವರವರೇ ಗೊತ್ತುಮಾಡಿಕೊಂಡರು. ಕೋಳಿಯ ಬಲಿ ಒಪ್ಪುವ ಅಮ್ಮ ಮೊಟ್ಟೆಯನ್ನೇಕೆ ಒಪ್ಪುವುದಿಲ್ಲ ಎಂದು ಸಾಬರು ಕೇಳಿದರಂತೆ. ಅಮ್ಮನ ಎದುರು ಕೂತು ಟೀ ಕುಡಿಯಲೂ ಜನ ಸಂಕೋಚಪಟ್ಟರು. ಇದ್ದ ನಾಲ್ಕು ಗಿರಾಕಿಗಳೂ ರೇಡಿಯೋ ಹೋಟೆಲಿಗೆ ಹೋದರು. ಸಾಬರು ನನಗೆ ಹೇಳಿಕಳಿಸಿದರು.

"ತಂದೋರು ನೀವು ಮೇಷ್ಟ್ರೇ, ತಕ್ಕೊಂಡು ಹೋಗೋರೂ ನೀವೇ," ಎಂದರು. ನನಗೆ ನಿಜವಾಗಿ ನಾಚಿಕೆಯಾಯಿತು.

ಅದನ್ನು ಕಟ್ಟಿ ಒಯ್ಯಲು ಹಗ್ಗ ಹಿಡಿದು ಬಾಗಿಲ ಸೋಗೆಯ ಕೆಳಗೆ ಹೋದೆ. ಪುರವರದ ಕಡೆಯ ಹೆಂಗಸೊಬ್ಬಳು ಕಾಯಿ ಒಡೆದು ನಿಂತಿದ್ದಳು. "ಅಮ್ಮುನ್ನ ಎಲ್ಲಿಗೆ ಕರ್ಕೊಂಡೋಯ್ತೀರಾ ಸ್ವಾಮಿ? ಜರ ಬಂದು ಮಲಗಿದ್ದ ನನ್ ಮಗ ಇವತ್ತು ಕಣ್ ಬುಟ್ಟೈತೆ," ಎಂದಳು. ಮೌಢ್ಯದ ಮೇಲೆ ವರ್ಷವೆಲ್ಲ ಪಾಠ ಮಾಡುವ ನಾನು ಹಗ್ಗದ ಗಂಟು ಬಿಡಿಸಲು ತಲೆ ತಗ್ಗಿಸಿದೆ. ನೋಡಿದರೆ ನನ್ನದು ಬರಿಗಾಲು. ಚಪ್ಪಲಿಯನ್ನು ರಸ್ತೆಯ ಪಕ್ಕ ಯಾವಾಗ ಬಿಟ್ಟೆನೋ ನನಗೇ ತಿಳಿಯದು. ಸಾಬರೂ ನನ್ನ ಕಾಲು ನೋಡಿದರು. ಹಗ್ಗ ಇಸಿದುಕೊಂಡರು.

"ಅರೆ ಬುಡಿ ಮೇಷ್ಟ್ರೇ. ಪೂಜೆ ಅವರ್ದು, ನಮಾಜು ನಂದು, ಕಾಯಿ ಎಲ್ಲಾರ್ದೂ."

ಮಾರನೆಯ ದಿನವೇ ಒಲೆ ಆರಿಸಿ ಕಾಯಿ, ಕರ್ಪೂರ ಮಾರಾಟಕ್ಕೆ ಇಟ್ಟರು, ಅಂಗಡಿ ಉಳಿಯಿತು. ಹಗ್ಗ ಹಿಡಿದು ಹೋದ ದಿನ ಮಾತ್ರ ಆ ಹೆಂಗಸು ಚಿಪ್ಪಿನಲ್ಲಿ ಕೊಟ್ಟ ಕಾಯಿನೀರನ್ನು ನಾನು ಸೋಗೆಯ ಕೆಳಗೆ, ಮರದ ದೇವರ ಮುಂದೆ ನಿಂತು ಕುಡಿದೆ. ಪತ್ರಿಕೆಯ ಚಿತ್ರ ಥೇಟ್ ಹಾಗೇ ಇತ್ತು. ಹೊರಗೆ ಬಂದಾಗ ಚಪ್ಪಲಿ ಇರಲಿಲ್ಲ. ಅಂಗಡಿ ಗುಡಿಯಾಗಿದೆ ಎನ್ನಲು ಇನ್ನೇನು ಸಾಕ್ಷಿ ಬೇಕು? ಬಸ್ ಸ್ಟ್ಯಾಂಡಿನವರೆಗೆ ಸುಡುವ ರಸ್ತೆಯಲ್ಲಿ ಬರಿಗಾಲಲ್ಲೇ ನಡೆದೆ. ಹರಕೆ ಹೊತ್ತವನೆಂದುಕೊಂಡು ದಾರಿಯಲ್ಲಿ ಇಬ್ಬರು ನನಗೆ ಕೈ ಮುಗಿದರು.